ಮಾತು ಮಸುಕಾಗಿ ನಾದ ಉಳಿದ ‘ಮರ್ಮರ್’

1983ರ ಏಪ್ರಿಲ್‌ನಲ್ಲಿ ಅಮೆರಿಕೆಯ ಆರ್.ಇ.ಎಂ. ತಂಡದ ಮೊದಲ ಪೂರ್ಣ ಧ್ವನಿಮುದ್ರಿಕೆ ‘ಮರ್ಮರ್’ ಹೊರಬಂದಾಗ, ಅದರ ಹಾಡುಗಳ ಸಾಹಿತ್ಯವನ್ನು ಬಿಡಿಸಿ ಹೇಳಬಲ್ಲ ಕೇಳುಗರು ವಿರಳವಾಗಿದ್ದರು. ಗಾಯಕ ಮೈಕೆಲ್ ಸ್ಟೈಪ್ ಪದಗಳನ್ನು ಬಾಯೊಳಗೇ ನುಂಗಿ ಹಾಡುತ್ತಿದ್ದರು. ನಮ್ಮ ಕಾವ್ಯದ ‘ಮರ್ಮರ’ವೂ ಎಲೆಗಳ ಅಂಥದೇ ಪಿಸುದನಿಯಲ್ಲವೇ? ನೆರೆನುಡಿಯ ಹಾಡನ್ನು ಅರ್ಥ ತಿಳಿಯುವ ಮೊದಲೇ ಗುನುಗಿ ಬೆಳೆದ ಗಡಿನಾಡಿನವರಿಗೆ ಈ ಮುದ್ರಿಕೆಯ ಸೆಳೆತ ಸೋಜಿಗವೆನಿಸದು.

ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಕೂಡಿಕೊಂಡ ನಾಲ್ವರು ತರುಣರ ತಂಡವಿದು. ಐ.ಆರ್.ಎಸ್. ಸಂಸ್ಥೆಯು ಮೊದಲು ಸ್ಟೀಫನ್ ಹೇಗ್ ಅವರನ್ನು ನಿರ್ಮಾಪಕರನ್ನಾಗಿ ಗೊತ್ತುಮಾಡಿತು. ಅವರು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿದರು. ಸಾಲದೆಂಬಂತೆ ತಂಡದ ಒಪ್ಪಿಗೆಯಿಲ್ಲದೆ ಕೀಬೋರ್ಡಿನ ನಾದವನ್ನೂ ಬೆರೆಸಿದರು. ತರುಣರು ಒಪ್ಪಲಿಲ್ಲ. ಇನ್ನೂ ಹೆಸರು ಮಾಡದ ತಂಡವೊಂದು ಹೀಗೆ ಸಂಸ್ಥೆಯ ಆಯ್ಕೆಯನ್ನು ನಿರಾಕರಿಸುವುದೆಂದರೆ, ಕೈಗೆ ಬಂದ ಅವಕಾಶವನ್ನೇ ಪಣಕ್ಕಿಟ್ಟಂತೆ.

ಕೊನೆಗೆ, ತಮಗೆ ಮೊದಲೇ ಪರಿಚಿತರಾಗಿದ್ದ ಮಿಚ್ ಈಸ್ಟರ್ ಹಾಗೂ ಡಾನ್ ಡಿಕ್ಸನ್ ಅವರೊಂದಿಗೆ ಉತ್ತರ ಕೆರೊಲಿನಾದ ಶಾರ್ಲಟ್ ನಗರದಲ್ಲಿ ಮುದ್ರಣ ನಡೆಸಿದರು. ಅಂದಿನ ರಾಕ್ ಸಂಗೀತದ ರೂಢಿಗಳಾಗಿದ್ದ ಗಿಟಾರಿನ ಮೆರೆದಾಟವನ್ನೂ ಸಿಂಥೆಸೈಜರನ್ನೂ ದೂರವಿಟ್ಟರು. ಪೀಟರ್ ಬಕ್ ತಂತಿಗಳನ್ನು ಒಂದೊಂದಾಗಿ ಮೀಟುತ್ತಾರೆ. ಮೈಕ್ ಮಿಲ್ಸ್ ಅವರ ಬೇಸ್ ಹಲವೆಡೆ ತಾನೇ ರಾಗವನ್ನು ಹೊತ್ತು ನಡೆಯುತ್ತದೆ. ಹೊದಿಕೆಯ ಮೇಲಿರುವುದು ಕಲಾವಿದರ ಮುಖಗಳಲ್ಲ, ಅಲ್ಲಿನ ದಕ್ಷಿಣ ಸೀಮೆಯಲ್ಲಿ ಮರಗಳನ್ನೇ ಮುಚ್ಚಿಬಿಡುವ ಕುಡ್ಜು ಬಳ್ಳಿ.

‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಮೈಕೆಲ್ ಜಾಕ್ಸನ್‌ರ ‘ಥ್ರಿಲ್ಲರ್’ಅನ್ನು ಹಿಂದಿಕ್ಕಿ ಇದನ್ನೇ ಆ ವರ್ಷದ ಶ್ರೇಷ್ಠ ಮುದ್ರಿಕೆಯೆಂದು ಆರಿಸಿದರು. ಬಿಲ್‌ಬೋರ್ಡ್ ಮಾರಾಟಪಟ್ಟಿಯಲ್ಲಿ ಮಾತ್ರ ಅದು 36ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ.