ವರ್ಚುವಲ್ ಯಂತ್ರಗಳ ನಡುವೆ ಮೆಮೊರಿ ಹಂಚಿಕೆ: ಅರ್ಜಿದಾರರ ಮಾಹಿತಿಗಾಗಿ

ಆನ್‌ಲೈನ್ ಮೂಲಕ ಸಲ್ಲಿಸಲಾಗುವ ಅರ್ಜಿಯನ್ನು ಸ್ವೀಕರಿಸುವ ಗಣಕಯಂತ್ರ, ಅದನ್ನು ದಾಖಲಿಸಿಕೊಳ್ಳುವ ಗಣಕಯಂತ್ರ ಹಾಗೂ ಶುಲ್ಕ ಪಾವತಿಯನ್ನು ತಾಳೆ ನೋಡುವ ಗಣಕಯಂತ್ರ ಬೇರೆ ಬೇರೆಯಾಗಿರುತ್ತವೆಂದು ಸಾರ್ವಜನಿಕರು ಭಾವಿಸುವುದು ಸಹಜ. ದತ್ತಾಂಶ ಕೇಂದ್ರಗಳಲ್ಲಿ ಅನೇಕ ವೇಳೆ ಇವು ಒಂದೇ ಭೌತಿಕ ಯಂತ್ರದೊಳಗಿನ ಮೂರು ವರ್ಚುವಲ್ ಯಂತ್ರಗಳಾಗಿರುತ್ತವೆ. ಸರ್ಕಾರಿ ಸೇವೆಗಳಿಗೂ ಈ ವ್ಯವಸ್ಥೆ ಹೊಸದಲ್ಲ; ಭಾರತ ಸರ್ಕಾರದ ‘ಮೇಘರಾಜ್’ ಉಪಕ್ರಮದ ಅಡಿಯಲ್ಲಿ ರಾಷ್ಟ್ರೀಯ ಕ್ಲೌಡ್ ಸೇವೆಯು 2014ರ ಫೆಬ್ರವರಿಯಲ್ಲಿ ಆರಂಭಗೊಂಡಿತು. ಒಂದೇ ಯಂತ್ರದೊಳಗಿನ ಇಂತಹ ಘಟಕಗಳು ಶೀಘ್ರವಾಗಿ ಮಾಹಿತಿ ವಿನಿಮಯ ಮಾಡಿಕೊಳ್ಳಲು ಲಭ್ಯವಿರುವ ಒಂದು ವಿಧಾನವನ್ನೂ, ಅದರಲ್ಲಿ ದಾಖಲೆಗಳ ಗೋಪ್ಯತೆಗೆ ಸಂಬಂಧಿಸಿದ ಅಂಶಗಳನ್ನೂ ಇಲ್ಲಿ ವಿವರಿಸಲಾಗಿದೆ.

ವರ್ಚುವಲ್ ಯಂತ್ರ ಎಂದರೇನು?

ಒಂದು ಭೌತಿಕ ಗಣಕಯಂತ್ರದ ಸಂಸ್ಕಾರಕ, ಮೆಮೊರಿ ಮತ್ತು ಡಿಸ್ಕ್‌ಗಳನ್ನು ವಿಭಾಗಿಸಿ, ಪ್ರತಿಯೊಂದು ವಿಭಾಗವೂ ಸ್ವತಂತ್ರ ಗಣಕಯಂತ್ರದಂತೆ ಕಾರ್ಯನಿರ್ವಹಿಸುವಂತೆ ಮಾಡುವ ಮೇಲ್ವಿಚಾರಕ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಹೀಗೆ ರೂಪುಗೊಂಡ ವಿಭಾಗವೇ ವರ್ಚುವಲ್ ಯಂತ್ರ. ಐಬಿಎಂ ಸಂಸ್ಥೆಯು 1972ರಲ್ಲಿಯೇ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಝೆನ್ ಕುರಿತ ಪ್ರಬಂಧವು 2003ರಲ್ಲಿ ಪ್ರಕಟವಾಯಿತು; 2007ರಲ್ಲಿ ಕೆವಿಎಂ ಎಂಬ ವ್ಯವಸ್ಥೆಯು ಲಿನಕ್ಸ್‌ನ ಭಾಗವಾಯಿತು.

ಒಂದು ವರ್ಚುವಲ್ ಯಂತ್ರವು ಮತ್ತೊಂದರ ಮೆಮೊರಿಯನ್ನು ನೋಡಲಾಗದು ಎಂಬುದು ಈ ವ್ಯವಸ್ಥೆಯ ಮೂಲ ನಿಯಮ. ಅರ್ಜಿದಾರರ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಮುಂತಾದವುಗಳ ಸುರಕ್ಷತೆಯು ಈ ಗೋಡೆಯನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ವಿಳಂಬಕ್ಕೆ ಕಾರಣ

ಸಾಮಾನ್ಯ ಕ್ರಮದಲ್ಲಿ ಎರಡು ವರ್ಚುವಲ್ ಯಂತ್ರಗಳು, ಒಂದೇ ಪೆಟ್ಟಿಗೆಯೊಳಗೆ ಇದ್ದರೂ, ದೂರದ ಊರುಗಳಲ್ಲಿ ಇರುವಂತೆಯೇ ಜಾಲದ ಮೂಲಕ ವ್ಯವಹರಿಸುತ್ತವೆ. ಕಳುಹಿಸಬೇಕಾದ ದತ್ತಾಂಶವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ವಿಳಾಸ ಬರೆದು, ವರ್ಚುವಲ್ ಜಾಲ ಕಾರ್ಡಿಗೆ ಒಪ್ಪಿಸಲಾಗುತ್ತದೆ. ಅಲ್ಲಿಂದ ಆತಿಥೇಯ ಯಂತ್ರದ ವರ್ಚುವಲ್ ಸ್ವಿಚ್ ಮೂಲಕ ಎದುರು ಯಂತ್ರಕ್ಕೆ ತಲುಪಿಸಿ, ಪುನಃ ಜೋಡಿಸಲಾಗುತ್ತದೆ. ಈ ಹಾದಿಯಲ್ಲಿ ಅದೇ ದತ್ತಾಂಶವು ಹಲವು ಬಾರಿ ನಕಲಾಗುತ್ತದೆ. ಒಂದೇ ಕಟ್ಟಡದ ಎರಡು ಶಾಖೆಗಳು ಕಡತವನ್ನು ಅಂಚೆಯ ಮೂಲಕ ಕಳುಹಿಸಿಕೊಂಡಂತೆ ಇದು.

ಹಂಚಿಕೆಯ ಮೆಮೊರಿ

ಮೆಮೊರಿಯನ್ನು ‘ಪುಟ’ಗಳಾಗಿ ನಿರ್ವಹಿಸಲಾಗುತ್ತದೆ, ಸಾಮಾನ್ಯ ಸರ್ವರ್‌ಗಳಲ್ಲಿ ಒಂದು ಪುಟದ ಪ್ರಮಾಣ 4096 ಬೈಟ್. ಕೆಲವು ಪುಟಗಳು ಎರಡೂ ವರ್ಚುವಲ್ ಯಂತ್ರಗಳಿಗೆ ಕಾಣುವಂತೆ ಹೈಪರ್‌ವೈಸರ್ ಏರ್ಪಡಿಸಿದಲ್ಲಿ, ಒಂದು ಯಂತ್ರ ಬರೆದದ್ದನ್ನು ಇನ್ನೊಂದು ನೇರವಾಗಿ ಓದಬಹುದು. ಕಡತ ಪ್ರಯಾಣಿಸುವುದಿಲ್ಲ, ಹೊಸ ಕಡತ ಬಂದಿದೆ ಎಂಬ ಸೂಚನೆ ಮಾತ್ರ ಹೋಗುತ್ತದೆ.

ಝೆನ್ ವ್ಯವಸ್ಥೆಯಲ್ಲಿ ಇದಕ್ಕೆ ‘ಗ್ರ್ಯಾಂಟ್ ಟೇಬಲ್’ ಎಂಬ ಅನುಮತಿ ವಹಿ ಇದೆ. ಪುಟದ ಮಾಲೀಕ ಯಂತ್ರವು ಯಾವ ಯಂತ್ರಕ್ಕೆ, ಯಾವ ಪುಟವನ್ನು, ಓದಲು ಮಾತ್ರವೋ ಅಥವಾ ಬರೆಯಲೂ ಸಹವೋ ಎಂಬುದನ್ನು ಅದರಲ್ಲಿ ನಮೂದಿಸುತ್ತದೆ. ಎದುರು ಯಂತ್ರವು ಆ ನಮೂದಿನ ಸಂಖ್ಯೆಯನ್ನು ಹಾಜರುಪಡಿಸಿದಾಗ ಹೈಪರ್‌ವೈಸರ್ ತಾಳೆ ನೋಡಿ ಪ್ರವೇಶ ನೀಡುತ್ತದೆ. ಸಂಖ್ಯೆ ತಿಳಿದಿದ್ದರೂ ನಮೂದಿಲ್ಲದ ಮೂರನೆಯ ಯಂತ್ರಕ್ಕೆ ಪ್ರವೇಶವಿಲ್ಲ. ಆದರೆ ಎದುರು ಯಂತ್ರವು ಪುಟವನ್ನು ಬಳಸುತ್ತಿರುವವರೆಗೆ ಮಾಲೀಕ ಯಂತ್ರವು ಅನುಮತಿಯನ್ನು ಏಕಪಕ್ಷೀಯವಾಗಿ ಹಿಂಪಡೆಯಲು ಬರುವುದಿಲ್ಲ. ಆದ್ದರಿಂದ ಯಾವ ಪುಟವನ್ನು ನೀಡಬೇಕೆಂಬ ನಿರ್ಧಾರವು ಮುಂಚಿತವಾಗಿಯೇ ಸರಿಯಾಗಿರತಕ್ಕದ್ದು.

ಪರಿಶೀಲನೆಯ ನಂತರದ ಬದಲಾವಣೆ

ಹೆಚ್ಚು ಗಮನ ಬೇಡುವ ಅಂಶ ಇದಾಗಿದೆ. ಕಚೇರಿಯಲ್ಲಿ ಸಿಬ್ಬಂದಿಯು ಅರ್ಜಿಯನ್ನು ಪರಿಶೀಲಿಸಿ ಒಪ್ಪಿದ ಬಳಿಕ, ಮಂಜೂರಾತಿಯ ಸಹಿಗೆ ಮುನ್ನ, ಅದೇ ಹಾಳೆಯಲ್ಲಿನ ಮೊತ್ತವನ್ನು ಯಾರಾದರೂ ತಿದ್ದಿದರೆ ಪರಿಶೀಲನೆ ನಿರರ್ಥಕವಾಗುತ್ತದೆ. ಹಂಚಿಕೆಯ ಪುಟದಲ್ಲಿಯೂ ಇದೇ ಅಪಾಯವಿದೆ. ಒಂದು ಯಂತ್ರ ಓದುತ್ತಿರುವಾಗಲೇ ಇನ್ನೊಂದು ಬರೆಯಬಹುದು. 2015ರ ಡಿಸೆಂಬರ್‌ನಲ್ಲಿ ಝೆನ್ ಯೋಜನೆಯು ಪ್ರಕಟಿಸಿದ ಎಕ್ಸ್‌ಎಸ್‌ಎ-155 ಎಂಬ ಭದ್ರತಾ ಸೂಚನೆಯು ಈ ಸ್ವರೂಪದ ದೋಷಕ್ಕೆ ಸಂಬಂಧಿಸಿದ್ದಾಗಿತ್ತು. ಚಾಲಕ ತಂತ್ರಾಂಶವು ಹಂಚಿಕೆಯ ಪುಟದಲ್ಲಿನ ಮೌಲ್ಯವನ್ನು ಒಮ್ಮೆ ಪರಿಶೀಲನೆಗೂ ಮತ್ತೊಮ್ಮೆ ಬಳಕೆಗೂ ಎರಡು ಬಾರಿ ಓದುವ ಸಾಧ್ಯತೆಯಿತ್ತು. ಮೂಲ ಬರಹದಲ್ಲಿ ಒಂದೇ ಬಾರಿ ಓದಿದಂತೆ ಕಂಡರೂ, ಕಂಪೈಲರ್ ಅದನ್ನು ಎರಡು ಓದುಗಳಾಗಿ ಪರಿವರ್ತಿಸಬಹುದಾಗಿತ್ತು ಎಂಬುದು ವಿಶೇಷ.

ಪರಿಹಾರ ಸರಳವಾದದ್ದು: ಮೊದಲು ತನ್ನ ಸ್ವಂತ ಮೆಮೊರಿಗೆ ನಕಲು ಮಾಡಿಕೊಂಡು, ಆ ಪ್ರತಿಯನ್ನೇ ಪರಿಶೀಲಿಸಿ, ಆ ಪ್ರತಿಯನ್ನೇ ಬಳಸುವುದು. ನಕಲು ಮಾಡುವುದನ್ನು ತಪ್ಪಿಸಲೆಂದೇ ರೂಪಿಸಿದ ವಿಧಾನದಲ್ಲಿ ಕನಿಷ್ಠ ಕೋರಿಕೆಯ ವಿವರಗಳಿಗಾದರೂ ನಕಲು ಅನಿವಾರ್ಯ. ಈ ಅಲ್ಪ ವೆಚ್ಚವನ್ನು ಉಳಿಸಲು ಹೋಗುವುದು ಸಮಂಜಸವಲ್ಲ.

ಕೋರದೇ ಆಗುವ ಹಂಚಿಕೆ

ಸಂವಹನಕ್ಕಾಗಿ ಅನುಮತಿ ಪಡೆದು ಹಂಚಿಕೊಳ್ಳುವುದು ಬೇರೆ. ಮೆಮೊರಿಯ ಉಳಿತಾಯಕ್ಕಾಗಿ ಹೈಪರ್‌ವೈಸರ್ ತಾನಾಗಿಯೇ ಒಂದೇ ರೀತಿಯ ಪುಟಗಳನ್ನು ಹುಡುಕಿ ಒಂದನ್ನೇ ಎಲ್ಲರಿಗೂ ತೋರಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ಎರಡನೆಯ ವಿಧದಲ್ಲಿ, ಒಗ್ಗೂಡಿಸಿದ ಪುಟಕ್ಕೆ ಬರೆಯಲು ಹೊರಟಾಗ ಹೊಸ ಪ್ರತಿ ಸಿದ್ಧವಾಗಬೇಕಾಗಿ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಆ ಕಾಲವನ್ನು ಅಳೆದು, ನೆರೆಯ ಯಂತ್ರದಲ್ಲಿ ಇಂತಹ ಪುಟ ಇದೆಯೇ ಎಂದು ತಿಳಿಯಬಹುದೆಂದು 2011ರಲ್ಲಿ ಸಂಶೋಧಕರು ತೋರಿಸಿದರು. 2014ರಲ್ಲಿ ವಿಎಂವೇರ್ ಸಂಸ್ಥೆಯು ಯಂತ್ರಗಳ ನಡುವಿನ ಈ ಬಗೆಯ ಹಂಚಿಕೆ ಪೂರ್ವನಿಯೋಜಿತವಾಗಿ ಸ್ಥಗಿತವಾಗಿರಬೇಕೆಂದು ನಿರ್ಧರಿಸಿತು. ನಾಗರಿಕರ ದಾಖಲೆಗಳಿರುವ ಸರ್ವರ್‌ಗಳಲ್ಲಿ ಉಳಿತಾಯಕ್ಕಿಂತ ಈ ಎಚ್ಚರಿಕೆಯೇ ಮೇಲು.

ಅರ್ಜಿದಾರರ ಅನುಭವಕ್ಕೆ ಬರುವುದೇನು?

ಅರ್ಜಿದಾರರ ಮನೆಯಿಂದ ದತ್ತಾಂಶ ಕೇಂದ್ರಕ್ಕೆ ಸಂದೇಶ ಹೋಗಿಬರಲು ಮಿಲಿಸೆಕೆಂಡುಗಳು ಬೇಕು. ಹಂಚಿಕೆಯ ಮೆಮೊರಿಯಿಂದ ಪ್ರತಿ ವಿನಿಮಯದಲ್ಲಿ ಉಳಿಯುವುದು ಮೈಕ್ರೋಸೆಕೆಂಡುಗಳು ಮಾತ್ರ. ಆದುದರಿಂದ ಒಂದೇ ಅರ್ಜಿಯ ಸಲ್ಲಿಕೆಯಲ್ಲಿ ವ್ಯತ್ಯಾಸ ಕಾಣದು. ಕೊನೆಯ ದಿನಾಂಕದಂದು ಸಾವಿರಾರು ಜನರು ಏಕಕಾಲಕ್ಕೆ ಪ್ರಯತ್ನಿಸುವಾಗ, ಪ್ರತಿ ಅರ್ಜಿಗೂ ಯಂತ್ರಗಳ ನಡುವೆ ಹಲವಾರು ವಿನಿಮಯಗಳು ನಡೆಯುವಲ್ಲಿ, ಸಂಸ್ಕಾರಕದ ಹೊರೆ ತಗ್ಗುವುದರಿಂದ ಪ್ರಯೋಜನ ಉಂಟಾಗಬಹುದು.

ಈ ವಿಧಾನವು ಎರಡೂ ವರ್ಚುವಲ್ ಯಂತ್ರಗಳು ಒಂದೇ ಭೌತಿಕ ಯಂತ್ರದಲ್ಲಿರುವವರೆಗೆ ಮಾತ್ರ ಅನ್ವಯಿಸುತ್ತದೆ. ನಿರ್ವಹಣೆಯ ಸಲುವಾಗಿ ಒಂದನ್ನು ಬೇರೆಡೆಗೆ ಸ್ಥಳಾಂತರಿಸಿದರೆ ಹಂಚಿಕೆ ಕಡಿದುಹೋಗುತ್ತದೆ. 2008ರಲ್ಲಿ ಪ್ರಕಟವಾದ ಝೆನ್‌ಲೂಪ್ ಎಂಬ ಸಂಶೋಧನಾ ವ್ಯವಸ್ಥೆಯು ಅಂತಹ ಸಂದರ್ಭದಲ್ಲಿ ತಾನಾಗಿಯೇ ಸಾಮಾನ್ಯ ಜಾಲಕ್ಕೆ ಮರಳುವಂತೆ ರಚಿತವಾಗಿತ್ತು. ಅಂತಹ ಏರ್ಪಾಡು ಇರುವಲ್ಲಿ ವೇಗ ತಗ್ಗಿದರೂ ಸಂಪರ್ಕ ಮುಂದುವರಿಯುತ್ತದೆ. ಅರ್ಜಿದಾರರು ಪುನಃ ಅರ್ಜಿ ಸಲ್ಲಿಸುವ ಅಥವಾ ಶುಲ್ಕವನ್ನು ಎರಡನೆಯ ಬಾರಿ ಪಾವತಿಸುವ ಪ್ರಮೇಯ ಇದರಿಂದ ಉದ್ಭವಿಸುವುದಿಲ್ಲ.