ಇಳಿದ ಸಕ್ಕರೆಯ ಅಪಾಯ: ಆರು ತಪ್ಪು ಕಲ್ಪನೆ, ಆರು ಸತ್ಯ

ಮಧುಮೇಹದ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ಬಹುಪಾಲು ಸಕ್ಕರೆ ಏರುವುದರ ಕುರಿತೇ ಇರುತ್ತದೆ. ಏನು ತಿಂದರೆ ಏರುತ್ತದೆ, ಏರಿದ್ದನ್ನು ಇಳಿಸುವುದು ಹೇಗೆ, ಅನ್ನ ಬಿಟ್ಟು ಮುದ್ದೆ ತಿನ್ನಬೇಕೋ, ಮೆಂತ್ಯ ನೆನೆಸಿಡಬೇಕೋ, ಹಾಗಲಕಾಯಿ ರಸ ಕುಡಿಯಬೇಕೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಈ ಭಯಕ್ಕೆ ಕಾರಣವಿದೆ. ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆ ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಹಾಳು ಮಾಡುತ್ತದೆ. ಆದರೆ ಭಯವೆಲ್ಲ ಒಂದೇ ದಿಕ್ಕಿಗೆ ಬೆಳೆದಿರುವುದರಿಂದ, ಮಿತಿ ಮೀರಿ ಇಳಿದ ಸಕ್ಕರೆ ಸ್ವಲ್ಪ ಹೊತ್ತಿನಲ್ಲೇ ಮನುಷ್ಯನ ಎಚ್ಚರ ತಪ್ಪಿಸಬಲ್ಲದು ಎಂಬ ಸಂಗತಿ ಮರೆಗೆ ಸರಿದಿದೆ. ನಾವು ‘ಲೋ ಶುಗರ್’ ಎನ್ನುವ ಈ ಸ್ಥಿತಿ ಹೆಚ್ಚಾಗಿ ಬರುವುದು ಮಧುಮೇಹಕ್ಕೆ ಕೊಡುವ ಚಿಕಿತ್ಸೆಯಿಂದ. ಔಷಧ, ಊಟ, ಶ್ರಮ ಈ ಮೂರರ ಲೆಕ್ಕ ತಪ್ಪಿದಾಗ ಅದು ಬರುತ್ತದೆ. ಲೆಕ್ಕ ಸರಿಪಡಿಸಿದರೆ ಬಹುಪಾಲು ತಡೆಯಲೂ ಬಹುದು. ಹಾಗೆ ತಡೆಯುವುದಕ್ಕೆ ಅಡ್ಡ ನಿಂತಿರುವ ಆರು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಶುಗರ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು

ಸತ್ಯ: ಕಡಿಮೆಗೂ ಒಂದು ಗಡಿ ಇದೆ. ಮಧುಮೇಹ ಇರುವವರಲ್ಲಿ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಲೋ ಶುಗರ್ ಎಂದೇ ಲೆಕ್ಕ. 54ಕ್ಕಿಂತ ಕೆಳಗೆ ಹೋದರೆ ಒಂದು ನಿಮಿಷವೂ ತಡ ಮಾಡುವಂತಿಲ್ಲ. ಇನ್ನೊಬ್ಬರು ಕೈಹಿಡಿಯದೆ ಚೇತರಿಸಿಕೊಳ್ಳಲು ಆಗದಂತಾದರೆ, ಮೀಟರಿನಲ್ಲಿ ಕಂಡ ಅಂಕಿ ಎಷ್ಟೇ ಇರಲಿ, ಅದು ತೀವ್ರ ಸ್ಥಿತಿ. ಇದಕ್ಕೆ ಮುಖ್ಯ ಕಾರಣ ಮಿದುಳು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಈ ಅಂಗ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ, ಆದರೆ ಗ್ಲೂಕೋಸನ್ನು ಹೇಳಿಕೊಳ್ಳುವಷ್ಟು ಕೂಡಿಟ್ಟುಕೊಳ್ಳಲಾರದು. ‘ಹಾಗಾದರೆ ಬಿಗಿಯಾದ ಹತೋಟಿಯೇ ತಪ್ಪೇ?’ ಎಂದು ಕೇಳಬಹುದು. ತಪ್ಪಲ್ಲ. ಟೈಪ್ 1 ಮಧುಮೇಹದ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನ, ಬಿಗಿ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಗಣನೀಯವಾಗಿ ತಗ್ಗುತ್ತದೆ ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಬಿಗಿ ಹತೋಟಿಯ ಗುಂಪಿನವರು ತೀವ್ರ ಲೋ ಶುಗರ್‌ಗೆ ಸುಮಾರು ಮೂರು ಪಟ್ಟು ಹೆಚ್ಚು ತುತ್ತಾದರು. ಮುಂದೆ ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 2 ಮಧುಮೇಹದ 10,251 ಜನರ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ ಮೂರು ತಿಂಗಳ ಸರಾಸರಿಯಾದ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಯತ್ನಿಸಿದ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಚಿಕಿತ್ಸೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಆ ಸಾವುಗಳಿಗೆ ಲೋ ಶುಗರ್ ಒಂದೇ ಕಾರಣವೆಂದು ಸಾಬೀತಾಗಲಿಲ್ಲ. ಆದರೆ ಎಲ್ಲರನ್ನೂ ಒಂದೇ ಅಂಕಿಗೆ ಇಳಿಸಲು ಹೊರಡುವುದು ಅಪಾಯ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಇನ್ನೊಂದು ಮಾತನ್ನೂ ಮರೆಯಬಾರದು: ಎಚ್‌ಬಿಎ1ಸಿ ಒಂದು ಸರಾಸರಿ. ಒಮ್ಮೆ 50ಕ್ಕೆ ಇಳಿದು ಒಮ್ಮೆ 250ಕ್ಕೆ ಏರುವವರ ಸರಾಸರಿಯೂ ಕಾಗದದ ಮೇಲೆ ಚೆನ್ನಾಗಿಯೇ ಕಾಣಬಹುದು.

ತಪ್ಪು ಕಲ್ಪನೆ 2: ಲೋ ಶುಗರ್ ಆಗುವುದು ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮಾತ್ರ

ಸತ್ಯ: ಇನ್ಸುಲಿನ್‌ನಲ್ಲಿ ಈ ಅಪಾಯ ಹೆಚ್ಚು, ನಿಜ. ಆದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಮುಂತಾದ ಮಾತ್ರೆಗಳು ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿ ಕೆಲಸ ಮಾಡುತ್ತವೆ. ಊಟ ತಪ್ಪಿತೆಂದು ಅವು ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಡಾಪಾಗ್ಲಿಫ್ಲೊಜಿನ್‌ಗಳನ್ನು ಬೇರೆ ಔಷಧದ ಜೊತೆಗಿಲ್ಲದೆ ತೆಗೆದುಕೊಂಡಾಗ ಲೋ ಶುಗರ್ ಅಪರೂಪ. ಕಷ್ಟ ಇರುವುದು ಈ ವ್ಯತ್ಯಾಸ ರೋಗಿಗೆ ಗೊತ್ತಾಗದೇ ಇರುವುದರಲ್ಲಿ. ನಮ್ಮಲ್ಲಿ ಒಂದೇ ಮಾತ್ರೆಯೊಳಗೆ ಎರಡು ಮೂರು ಔಷಧ ಸೇರಿರುವುದು ಮಾಮೂಲು. ‘ನಾನು ದಿನಕ್ಕೊಂದು ಮಾತ್ರೆ ಮಾತ್ರ ನುಂಗುವುದು’ ಎನ್ನುವವರ ಆ ಒಂದರಲ್ಲಿ ಗ್ಲಿಮೆಪಿರೈಡ್ ಇರಬಹುದು. ಆದ್ದರಿಂದ ಮಾತ್ರೆ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿಸಿಕೊಳ್ಳಬೇಕು. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್ ಮತ್ತು ಇಂಥ ಕೆಲವು ಮಾತ್ರೆಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ, ವರ್ಷಗಳಿಂದ ಒಗ್ಗಿದ್ದ ಪ್ರಮಾಣವೇ ಅತಿಯಾಗಬಹುದು. ಮದ್ಯ ಸೇವನೆ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸದಂತೆ ತಡೆಯುತ್ತದೆ. ಕುಡಿದು ಎಷ್ಟೋ ಗಂಟೆಗಳ ನಂತರ, ನಿದ್ದೆಯಲ್ಲಿ, ಸಕ್ಕರೆ ಕುಸಿಯಬಹುದು. ಇನ್ಸುಲಿನ್ ಬಳಸುವವರಿಗೆ ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಇಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಪೆನ್ನಿನ ಇನ್ಸುಲಿನನ್ನು 40ರ ಸಿರಿಂಜಿಗೆ ಎಳೆದುಕೊಂಡರೆ, ಅಂದುಕೊಂಡದ್ದಕ್ಕಿಂತ ಎರಡೂವರೆ ಪಟ್ಟು ಔಷಧ ಒಳಹೋಗುತ್ತದೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ ಎಂಬುದು ಮನೆಯವರಿಗೂ ತಿಳಿದಿರಬೇಕು.

ತಪ್ಪು ಕಲ್ಪನೆ 3: ಲೋ ಆದರೆ ನನಗೆ ಗೊತ್ತಾಗಿಯೇ ಆಗುತ್ತದೆ

ಸತ್ಯ: ಮೊದಮೊದಲು ಗೊತ್ತಾಗುತ್ತದೆ. ಸಕ್ಕರೆ ಇಳಿಯತೊಡಗಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ತಡೆಯಲಾರದ ಹಸಿವು, ಕಾರಣವಿಲ್ಲದ ಗಾಬರಿ ಅದರ ಗುರುತು. ಇನ್ನೂ ಇಳಿದರೆ ಮಿದುಳೇ ಸೊರಗಿ ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ, ಸಿಡುಕು ಬರುತ್ತದೆ, ಹೇಳಿದ್ದು ತಲೆಗೆ ಹೋಗುವುದಿಲ್ಲ; ಕೊನೆಗೆ ಫಿಟ್ಸ್, ಪ್ರಜ್ಞಾಹೀನತೆ. ಮೊದಲ ಗುಂಪಿನ ಲಕ್ಷಣಗಳೇ ನಮಗೆ ಸಿಗುವ ಎಚ್ಚರಿಕೆ. ಆದರೆ ಲೋ ಶುಗರ್ ಪದೇ ಪದೇ ಆಗುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಎಚ್ಚರಿಕೆ ಕೊಡುವುದನ್ನೇ ಬಿಡುತ್ತದೆ. ಅಂಥವರು ನಡುಕ, ಬೆವರು ಯಾವುದೂ ಇಲ್ಲದೆ ನೇರವಾಗಿ ಗೊಂದಲದ ಸ್ಥಿತಿಗೆ ಜಾರುತ್ತಾರೆ, ಆ ಗೊಂದಲದಲ್ಲೇ ‘ನನಗೇನೂ ಆಗಿಲ್ಲ’ ಎಂದು ಹಟ ಹಿಡಿಯುತ್ತಾರೆ. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ನಡುಕ, ಎದೆಬಡಿತಗಳನ್ನು ಮರೆಮಾಚಬಲ್ಲವು. ಬೆವರು ಮಾತ್ರ ಉಳಿಯಬಹುದು. ವಯಸ್ಸಾದವರಲ್ಲಿ ಈ ಗೊಂದಲವನ್ನು ಮರೆವೆಂದೋ ಪಾರ್ಶ್ವವಾಯು ಎಂದೋ ತಪ್ಪು ತಿಳಿಯುವುದುಂಟು. ರಾತ್ರಿ ಕೆಟ್ಟ ಕನಸು, ಬೆವರಿಗೆ ಒದ್ದೆಯಾದ ದಿಂಬು, ಬೆಳಿಗ್ಗೆ ತಲೆನೋವು ಇವು ನಿದ್ದೆಯಲ್ಲಿ ಸಕ್ಕರೆ ಇಳಿದಿದ್ದರ ಸುಳಿವಾಗಿರಬಹುದು. ಇದರ ವಿರುದ್ಧದ ಅನುಭವವೂ ಕೆಲವರಿಗಿದೆ: ತಿಂಗಳುಗಟ್ಟಲೆ 300ರ ಆಸುಪಾಸಿನಲ್ಲಿದ್ದವರಿಗೆ 120ಕ್ಕೆ ಬಂದರೂ ಮೈ ನಡುಗುತ್ತದೆ. ಇದರರ್ಥ ಲಕ್ಷಣಗಳನ್ನು ಕಡೆಗಣಿಸಬೇಕೆಂದಲ್ಲ. ಸಾಧ್ಯವಿದ್ದಾಗಲೆಲ್ಲ ಗ್ಲೂಕೋಮೀಟರಿನಲ್ಲಿ ನೋಡಬೇಕು, ನೋಡಲು ಆಗದಿದ್ದರೆ ಲೋ ಎಂದೇ ತಿಳಿದು ಸಿಹಿ ತೆಗೆದುಕೊಳ್ಳಬೇಕು. ಇನ್ಸುಲಿನ್ ಬಳಸುವವರು ಗಾಡಿ ಓಡಿಸುವ ಮುನ್ನ ಪರೀಕ್ಷಿಸಿಕೊಳ್ಳುವುದು ರಸ್ತೆಯಲ್ಲಿರುವ ಇತರರಿಗೂ ಮಾಡುವ ಉಪಕಾರ. ಕಳೆದುಹೋದ ಎಚ್ಚರಿಕೆ ಮರಳಿ ಬರುವುದೂ ಉಂಟು. ಕೆಲವು ವಾರ ಲೋ ಶುಗರ್ ಆಗದಂತೆ ನೋಡಿಕೊಂಡರೆ ಅನೇಕರಲ್ಲಿ ಆ ಲಕ್ಷಣಗಳು ಮತ್ತೆ ಕಾಣಿಸಿಕೊಳ್ಳುತ್ತವೆ.

ತಪ್ಪು ಕಲ್ಪನೆ 4: ಸಕ್ಕರೆ ಕಾಯಿಲೆಯವರು ಯಾವತ್ತೂ ಸಕ್ಕರೆ ಮುಟ್ಟಬಾರದು, ಲೋ ಆದರೆ ಊಟ ಮಾಡಿದರಾಯಿತು

ಸತ್ಯ: ಲೋ ಶುಗರ್ ಆದಾಗ ಸಕ್ಕರೆಯೇ ಔಷಧ. ಔಷಧವಾದ್ದರಿಂದ ಅದಕ್ಕೂ ಅಳತೆಯಿದೆ: 15 ಗ್ರಾಂ ಬೇಗ ಕರಗುವ ಸಿಹಿ, 15 ನಿಮಿಷ ಕಾಯುವುದು, ಮತ್ತೆ ಪರೀಕ್ಷೆ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಹದಿನೈದು ಗ್ರಾಂ ಎಂದರೆ ನೀರಿನಲ್ಲಿ ಕದಡಿದ ಮೂರು ಟೀ ಚಮಚದಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಇಲ್ಲವೇ ಅರ್ಧ ಲೋಟಕ್ಕೆ ತುಸು ಹೆಚ್ಚು ಹಣ್ಣಿನ ರಸ. ಅನ್ನ, ಚಪಾತಿ ಜೀರ್ಣವಾಗಿ ರಕ್ತ ಸೇರಲು ಹೊತ್ತು ಬೇಕು. ಚಾಕೊಲೇಟ್, ಮೈಸೂರು ಪಾಕ್, ಲಾಡುಗಳಲ್ಲಿರುವ ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನಿಸುವುದರಿಂದ ತುರ್ತಿಗೆ ಅವು ಒದಗುವುದಿಲ್ಲ. ‘ಡಯಟ್’ ಎಂದು ಬರೆದ ತಂಪು ಪಾನೀಯದಲ್ಲಿ ಸಕ್ಕರೆಯೇ ಇರುವುದಿಲ್ಲ. ಒಂದು ಮುಖ್ಯ ಅಪವಾದವೂ ಇದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಲ್ಲಿ ಕರುಳು ಮಾಮೂಲಿ ಸಕ್ಕರೆಯನ್ನು ಬೇಗ ಒಡೆಯಲಾರದು. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಚೇತರಿಸಿಕೊಂಡ ಮೇಲೆ ಮುಂದಿನ ಊಟ ದೂರವಿದ್ದರೆ ಎರಡು ಇಡ್ಲಿಯನ್ನೋ ಬ್ರೆಡ್ಡನ್ನೋ ತಿನ್ನಬೇಕು, ಇಲ್ಲದಿದ್ದರೆ ಏರಿದ ಸಕ್ಕರೆ ಮತ್ತೆ ಇಳಿದೀತು. ‘ಹೀಗೆ ಹೇಳಿದರೆ ಸಿಹಿ ತಿನ್ನಲು ನೆಪ ಸಿಕ್ಕಂತಾಗುವುದಿಲ್ಲವೇ?’ ಎಂಬ ಆಕ್ಷೇಪ ಮನೆಯವರಿಂದ ಬರುತ್ತದೆ. ಅಳತೆಯ ನಿಯಮ ಇರುವುದೇ ಅದಕ್ಕೆ. ಅಳತೆ ಗೊತ್ತಿಲ್ಲದವರು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ತಿಂದು ಸಕ್ಕರೆಯನ್ನು 300ಕ್ಕೆ ಏರಿಸಿಕೊಳ್ಳುತ್ತಾರೆ. ಅಳತೆ ತಿಳಿದವರಿಗೆ 15 ಗ್ರಾಂ ಸಾಕು. ಸಿಹಿಗೆ ಕೈ ಹಾಕಿದವರನ್ನು ಗದರುವ ಮನೆಯಲ್ಲಿ ರೋಗಿ ಲಕ್ಷಣಗಳನ್ನು ಮುಚ್ಚಿಡತೊಡಗುತ್ತಾನೆ. ಅದಕ್ಕಿಂತ ದೊಡ್ಡ ಅಪಾಯವಿಲ್ಲ.

ತಪ್ಪು ಕಲ್ಪನೆ 5: ಎಚ್ಚರ ತಪ್ಪಿದವರ ಬಾಯಿಗೆ ಸಕ್ಕರೆ ನೀರು ಹುಯ್ಯಬೇಕು

ಸತ್ಯ: ನುಂಗುವ ಶಕ್ತಿ ಇಲ್ಲದವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸಬಹುದು. ಬದುಕಿಸಬೇಕೆಂಬ ಕಳಕಳಿಯಿಂದಲೇ ಈ ತಪ್ಪು ನಡೆಯುವುದರಿಂದ ಇದನ್ನು ಮೊದಲೇ ಕಲಿತಿರಬೇಕು. ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಇನ್ಸುಲಿನ್ ಖಂಡಿತ ಕೊಡದೆ, ಬೇಗ ಆಸ್ಪತ್ರೆ ತಲುಪಿಸಬೇಕು. ಅಲ್ಲಿ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡುತ್ತಾರೆ. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೂಕೋಸನ್ನು ಹೊರತರುವ ಗ್ಲುಕಗಾನ್ ಎಂಬ ಚುಚ್ಚುಮದ್ದೂ ಇದೆ. ಅದು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ತೀವ್ರ ಲೋ ಶುಗರ್ ಆಗುವವರ ಮನೆಯವರು ಅದರ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಎಚ್ಚರ ಬಂದ ಕೂಡಲೇ ಎದ್ದು ಮನೆಗೆ ಹೊರಡುವವರೂ ಇದ್ದಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳಿಂದ ಆದ ಲೋ ಶುಗರ್ ಒಂದು ದಿನವೋ ಅದಕ್ಕೂ ಹೆಚ್ಚು ಕಾಲವೋ ಮರಳಿ ಮರಳಿ ಬರಬಹುದು. ಹಾಗಾಗಿ ‘ಈಗ ಚೆನ್ನಾಗಿಯೇ ಇದ್ದಾರಲ್ಲ’ ಎಂದು ಕಾಣುವ ರೋಗಿಯನ್ನೂ ವೈದ್ಯರು ಉಳಿಸಿಕೊಂಡರೆ ಅದಕ್ಕೆ ಬಲವಾದ ಕಾರಣವಿರುತ್ತದೆ.

ತಪ್ಪು ಕಲ್ಪನೆ 6: ಒಮ್ಮೆ ಲೋ ಆದರೆ ಔಷಧ ನಿಲ್ಲಿಸಿಬಿಡುವುದೇ ಲೇಸು

ಸತ್ಯ: ಈ ನಂಬಿಕೆಯ ಹಿಂದೆ ನಿಜವಾದ ನೋವಿದೆ. ಒಮ್ಮೆ ಬೀದಿಯಲ್ಲಿ ಕುಸಿದುಬಿದ್ದವರು ಮತ್ತೆಂದೂ ಹಾಗಾಗಬಾರದೆಂದು ಸಕ್ಕರೆಯನ್ನು ಬೇಕೆಂದೇ ಏರಿಸಿಟ್ಟುಕೊಳ್ಳುವುದು ಅರ್ಥವಾಗುವಂಥದ್ದೇ. ಆದರೆ ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ರಕ್ತದಲ್ಲಿ ಆಮ್ಲ ತುಂಬಿ ಜೀವಕ್ಕೇ ಅಪಾಯ. ಟೈಪ್ 2 ಇರುವವರು ಬಿಟ್ಟರೆ ಹಳೆಯ ಹಾನಿ ಸದ್ದಿಲ್ಲದೆ ಮುಂದುವರಿಯುತ್ತದೆ. ಮಾಡಬೇಕಾದ ಕೆಲಸ ಕಾರಣ ಹುಡುಕುವುದು. ಊಟ ತಡವಾಯಿತೇ? ಎಂದಿಗಿಂತ ಹೆಚ್ಚು ನಡೆದಿರೇ, ಗದ್ದೆ ಕೆಲಸವಿತ್ತೇ? ವ್ಯಾಯಾಮದ ಪರಿಣಾಮ ಅಂದಿನ ರಾತ್ರಿಯವರೆಗೂ ಇರುತ್ತದೆ. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಚರ್ಮದಡಿ ಗಡ್ಡೆ ಕಟ್ಟಿತ್ತೇ? ಅಲ್ಲಿ ಸರಿಯಾಗಿ ಹೀರಿಕೊಳ್ಳದಿದ್ದ ಇನ್ಸುಲಿನ್, ಹೊಸ ಜಾಗಕ್ಕೆ ಚುಚ್ಚಿದಾಗ ಪೂರ್ತಿ ಕೆಲಸ ಮಾಡಿ ಸಕ್ಕರೆಯನ್ನು ಥಟ್ಟನೆ ಇಳಿಸುತ್ತದೆ. ಏಕಾದಶಿಯೋ ಶಿವರಾತ್ರಿಯೋ ರಂಜಾನೋ, ಉಪವಾಸ ಹಿಡಿಯುವವರು ಮೊದಲೇ ವೈದ್ಯರ ಬಳಿ ಹೋಗಿ ಮಾತ್ರೆಯ ಸಮಯ, ಪ್ರಮಾಣ ಬದಲಿಸಿಕೊಳ್ಳಬೇಕು. 70ಕ್ಕಿಂತ ಕೆಳಗಿಳಿದರೆ ಉಪವಾಸ ಮುರಿಯಬೇಕು. ವಯಸ್ಸಾದವರಿಗೆ, ಒಂಟಿಯಾಗಿರುವವರಿಗೆ, ಬೇರೆ ಕಾಯಿಲೆಗಳಿಂದ ನಿಶ್ಶಕ್ತರಾದವರಿಗೆ ಎಚ್‌ಬಿಎ1ಸಿ ಗುರಿಯನ್ನು 7ರ ಬದಲು 8ರ ಹತ್ತಿರಕ್ಕೆ ಸಡಿಲಿಸುವುದುಂಟು. ಅದು ಸೋಲಲ್ಲ, ಅವರ ಬದುಕಿಗೆ ತಕ್ಕ ಚಿಕಿತ್ಸೆ.

ಈ ನಂಬಿಕೆಗಳಲ್ಲಿ ಹಲವಕ್ಕೆ ಬೇರು ಒಂದೇ: ಸಕ್ಕರೆ ಶತ್ರು, ಅದು ಇಳಿದಷ್ಟೂ ಗೆಲುವು ಎಂಬ ಎಣಿಕೆ. ಆ ಎಣಿಕೆ ಇರುವವರೆಗೂ ಲೋ ಶುಗರ್ ಆದವರು ಅದನ್ನು ವೈದ್ಯರಿಗೆ ಹೇಳುವುದಿಲ್ಲ, ವೈದ್ಯರು ಗಡಿಬಿಡಿಯಲ್ಲಿ ಕೇಳುವುದೂ ಇಲ್ಲ. ವರದಿಯ ಕಡಿಮೆ ಅಂಕಿ ನೋಡಿ ಇಬ್ಬರೂ ಸಮಾಧಾನಪಡುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಕಳೆದ ಭೇಟಿಯ ನಂತರ ಎಷ್ಟು ಸಲ ಲೋ ಆಯಿತು, ಯಾವ ಹೊತ್ತಿನಲ್ಲಿ ಆಯಿತು, ಮುಂಚಿತವಾಗಿ ಗೊತ್ತಾಯಿತೇ ಇಲ್ಲವೇ. ನನ್ನ ಮಾತ್ರೆಯಲ್ಲಿ ಸಕ್ಕರೆಯನ್ನು ಅತಿಯಾಗಿ ಇಳಿಸುವ ಔಷಧ ಇದೆಯೇ ಎಂದು ನೇರವಾಗಿ ಕೇಳಿ. ಎಚ್‌ಬಿಎ1ಸಿ ಎಂಬ ಸರಾಸರಿ ಹೇಳಲಾರದ್ದನ್ನು ಈ ಮೂರು ಉತ್ತರಗಳು ಹೇಳುತ್ತವೆ. ಔಷಧದ ಪ್ರಮಾಣ ತಿದ್ದಲು ವೈದ್ಯರಿಗೆ ಬೇಕಾಗಿರುವುದೂ ಅದೇ.