ನಿವೃತ್ತಿಯೂ ದನಕರುಗಳೂ

ಉದ್ಯೋಗದಿಂದ ನಿವೃತ್ತರಾದವರಿಗೆ ಆರಾಮಕುರ್ಚಿಯೂ ವೃತ್ತಪತ್ರಿಕೆಯೂ ಸಾಕೆಂದು ನಗರವಾಸಿಗಳಾದ ನಾವು ಭಾವಿಸುವುದುಂಟು. ಅಮೆರಿಕದ ಮೊಂಟಾನಾ ಮೊದಲಾದ ಪಶ್ಚಿಮ ಸಂಸ್ಥಾನಗಳಲ್ಲಿ ಕೆಲಸ ಮುಗಿಸಿದ ದಂಪತಿಗಳು ತಾವೇ ನಡೆಸುವ ಸಣ್ಣ ರಾಂಚುಗಳನ್ನು, ಎಂದರೆ ದನ ಸಾಕುವ ಹುಲ್ಲುಗಾವಲುಗಳನ್ನು, ವಿಚಾರಿಸಿದರೆ ಈ ಭಾವನೆ ನಿಲ್ಲದು.

ಬೇಸಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಬೇಕು, ಮುಳ್ಳುತಂತಿಯ ಬೇಲಿ ಬಿಗಿಯಬೇಕು. ಹಿಮ ಬಿದ್ದಮೇಲೆ ಮೇವು ಹಾಕುವುದಲ್ಲದೆ, ತೊಟ್ಟಿಯಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಡಲಿಯಿಂದ ಒಡೆಯಬೇಕು. ನೀರು ಕಡಮೆಯಾದರೆ ದನ ಮೇವನ್ನೂ ಬಿಡುತ್ತದೆ. ಭಾನುವಾರವೆಂಬ ವಿನಾಯಿತಿಯಿಲ್ಲ.

ಎಲ್ಲಕ್ಕಿಂತ ಕಠಿನವಾದುದು ಹಸು ಈಯುವ ಕಾಲ. ಗರ್ಭಾವಧಿ ಸುಮಾರು 283 ದಿನ. ಗಳಿಗೆಯನ್ನು ಮಾತ್ರ ಯಾವ ಪಂಚಾಂಗವೂ ಹೇಳದು. ಕೊರೆವ ಚಳಿಯ ಇರುಳಿನಲ್ಲಿ ಒದ್ದೆಮೈಯಿಂದ ಹುಟ್ಟಿದ ಕರು ಬೇಗನೆ ಮೈಯಾರಿ ಗಿಣ್ಣುಹಾಲು ಕುಡಿಯದಿದ್ದರೆ ಬದುಕುವುದೇ ಸಂಶಯ. ಆದುದರಿಂದ ಎಪ್ಪತ್ತರ ಮುದುಕನೂ ದೀಪ ಹಿಡಿದು ನಡುರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ.

ಇದಕ್ಕೆ 1970ರ ದಶಕದಲ್ಲಿ ಕೆನಡದ ಮ್ಯಾನಿಟೋಬ ಪ್ರಾಂತದ ಕೊನೆಫಾಲ್ ಎಂಬ ದನಸಾಕಣೆಗಾರರು ಕಂಡುಕೊಂಡ ಉಪಾಯ ಬಹು ಸ್ವಾರಸ್ಯವಾದುದು. ಮೇವನ್ನು ಸಂಜೆಯ ಮೇಲೆ, ಇರುಳಿನಲ್ಲಿ ಹಾಕಿದರೆ ಹೆಚ್ಚಿನ ಹಸುಗಳು ಹಗಲಿನಲ್ಲಿಯೇ ಈಯುವುವಂತೆ! ಕೇಳುಗರು ನಗಬಹುದು, ಬಳಿಕ ನಡೆದ ಪ್ರಯೋಗಗಳೂ ಇದನ್ನು ಬಹುಮಟ್ಟಿಗೆ ಒಪ್ಪಿವೆ. ಎಲ್ಲ ಹಸುಗಳೂ ಈ ನಿಯಮಕ್ಕೆ ಕಟ್ಟುಬೀಳವು. ಆದರೂ ಮುದುಕರಿಗೆ ಅಷ್ಟು ನಿದ್ದೆ ಸಣ್ಣ ಲಾಭವೇನಲ್ಲ.